ಬಾಯಿಗೂ ಮೈಕಿಗೂ ನಾಲ್ಕು ಬೆರಳು

ಯಾವ ಮೈಕು ಕೊಳ್ಳಲಿ ಎಂದು ಕೇಳಿಕೊಂಡು ಮನೆಗೆ ಬರುವವರಿಗೆ ನಾನು ಮೊದಲು ಚಹಾ ಕೊಡುತ್ತೇನೆ, ಆಮೇಲೆ ಬೈಯುತ್ತೇನೆ. ಬಂದವರು ಫೋನು ತೆರೆದು ಒಂದು ಪಟ್ಟಿ ತೋರಿಸುತ್ತಾರೆ. ಇದು ದೊಡ್ಡ ಸ್ಟುಡಿಯೊದವರು ಬಳಸುವುದು, ಇದನ್ನು ಯಾರೋ ಹೆಸರಾಂತ ಗಾಯಕರು ಬಳಸುವುದು, ಇದಕ್ಕೆ ಐದು ನಕ್ಷತ್ರ. ನಿನ್ನ ಕೋಣೆ ಎಂಥದಪ್ಪಾ ಎಂದು ನಾನು ಕೇಳಿದರೆ, ಈ ಮುದುಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಎಂಬಂತೆ ಮುಖ ನೋಡುತ್ತಾರೆ. ಅರ್ಥವಾಗದೆ ಏನು? ಮೂವತ್ತಾರು ವರ್ಷ ಬನಾರಸಿನ ಒಂದು ಕ್ಯಾಸೆಟ್ ಕಂಪನಿಯ ಸ್ಟುಡಿಯೊದಲ್ಲಿ ಮೈಕಿನ ಹಿಂದೆ ಕೂತವನು ನಾನು. ಭಜನೆ, ಬಿರಹಾ ಎಂಬ ಇಲ್ಲಿನ ಹಳ್ಳಿ ಪದ, ಮದುವೆ ಹಾಡು, ಚುನಾವಣೆಯ ಘೋಷಣೆ, ಹಲ್ಲುಪುಡಿಯ ಜಾಹೀರಾತು, ಎಲ್ಲವನ್ನೂ ಹಿಡಿದಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಶಾಲು ಈಗ ನಮ್ಮ ಮನೆಯ ಇನ್ವರ್ಟರಿನ ಮೇಲಿದೆ.

ನಮ್ಮಪ್ಪ ಕಲಬುರಗಿ ಕಡೆಯಿಂದ ಬಂದು ಜಂಗಮವಾಡಿಯಲ್ಲಿ ಕನ್ನಡದವರ ಮಠವೊಂದರ ಉಗ್ರಾಣ ನೋಡಿಕೊಂಡಿದ್ದವರು. ನಾನು ಹುಟ್ಟಿದ್ದು, ಬೆಳೆದದ್ದು ಅದೇ ಗಲ್ಲಿಯಲ್ಲಿ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಹಿಂದಿ, ಜಗಳಕ್ಕೆ ಭೋಜಪುರಿ. ರೇಡಿಯೊ ರಿಪೇರಿ ಕಲಿತುಕೊಂಡು ಆ ಸ್ಟುಡಿಯೊ ಸೇರಿದೆ. ಅಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ. ತೆಂಕಣದವನೆಂದು ತಿಳಿದ ಮೊದಲ ದಿನವೇ ‘ಮದ್ರಾಸಿ’ ಎಂದು ನಾಮಕರಣವಾಯಿತು. ಮದ್ರಾಸನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲವಾದ್ದರಿಂದ ನಾನೂ ಅವರನ್ನೆಲ್ಲ ‘ಪಂಜಾಬಿ’ ಎಂದು ಕರೆಯತೊಡಗಿದೆ. ಅದು ಮಾತ್ರ ಅವರಿಗೆ ಸರಿಬರಲಿಲ್ಲ.

ನನ್ನ ಮೇಲಿನವರು ಮಿಶ್ರಾಜಿ, ಸ್ಟುಡಿಯೊದ ಹಿರಿಯ ಧ್ವನಿಮುದ್ರಕರು. ಬಾಯಲ್ಲಿ ಸದಾ ಪಾನ್. ರಸ ಚೆಲ್ಲದಿರಲೆಂದು ಮುಖವನ್ನು ಮೇಲೆತ್ತಿಕೊಂಡು ಮಾತಾಡುತ್ತಿದ್ದರು, ಹಾಗಾಗಿ ಅವರು ಬೈಯುವಾಗಲೆಲ್ಲ ಫ್ಯಾನಿಗೆ ಬೈದಂತೆ ಕಾಣುತ್ತಿತ್ತು. ಮೊದಲ ಮೂರು ತಿಂಗಳು ನನಗೆ ಒಂದು ಗುಂಡಿಯನ್ನೂ ಮುಟ್ಟಗೊಡಲಿಲ್ಲ. ಬೆಳಿಗ್ಗೆ ಬಂದ ಕೂಡಲೇ ಖಾಲಿ ಕೋಣೆಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಏನೇನು ಕೇಳಿಸುತ್ತದೆ ಹೇಳು ಎನ್ನುತ್ತಿದ್ದರು. ಏನೂ ಇಲ್ಲ ಎಂದೆ ಮೊದಲ ದಿನ. “ಅರೇ ಗುರು, ಟ್ಯೂಬ್‌ಲೈಟು ಗುಂಯ್ಗುಡ್ತಿದೆ, ಪಕ್ಕದ ಮನೆಯಲ್ಲಿ ಹಿಟ್ಟಿನ ಗಿರಣಿ ತಿರುಗ್ತಿದೆ, ನಿನ್ನ ಹೊಟ್ಟೆ ಕೂಗ್ತಿದೆ. ಪೆಹಲೆ ಕಮರಾ ಸುನೋ,” ಅಂದರು. ಮೊದಲು ಕೋಣೆಯನ್ನು ಕೇಳು. ಆ ಮೂರು ತಿಂಗಳಲ್ಲಿ ಕಲಿತದ್ದರಲ್ಲೇ ನಾನು ಮೂವತ್ತಾರು ವರ್ಷ ಅನ್ನ ತಿಂದೆ. ಇವತ್ತಿನವರಿಗೆ ಮೂರು ತಿಂಗಳು ಬೇಡ, ಮೂರು ನಿಮಿಷ ಕಣ್ಣು ಮುಚ್ಚಿ ಕೂರಿ ಎಂದರೂ ಫೋನು ನೋಡುತ್ತಾರೆ.

ಆ ಸ್ಟುಡಿಯೊದಲ್ಲಿ ಜರ್ಮನಿಯ ಒಂದು ಕಂಡೆನ್ಸರ್ ಮೈಕು ಇತ್ತು. ಕಂಡೆನ್ಸರ್ ಎಂದರೆ ಬಹಳ ಸೂಕ್ಷ್ಮದ ಜಾತಿ. ಒಳಗೆ ಕೂದಲಿಗಿಂತ ತೆಳ್ಳಗಿನ ಪೊರೆ ಇರುತ್ತದೆ, ನೊಣ ಹಾರಿದರೂ ಅದಕ್ಕೆ ಗೊತ್ತಾಗುತ್ತದೆ. ಮಿಶ್ರಾಜಿ ಕೈ ತೊಳೆದುಕೊಂಡೇ ಅದನ್ನು ಮುಟ್ಟುತ್ತಿದ್ದರು. ಐದನೇ ವರ್ಷ ಅದರ ಜವಾಬ್ದಾರಿಯನ್ನು ನನಗೆ ಕೊಟ್ಟರು, ಬೀಗದ ಕೈಯನ್ನೂ ಕೊಟ್ಟರು. ನಾನು ಅದನ್ನು ಕೊಂದೆ.

ನಡೆದದ್ದು ಇಷ್ಟು. ಇಲ್ಲಿಯವರು ಕಸುಬಿನ ಸಲಕರಣೆಗೆ ಪೂಜೆ ಮಾಡುವುದು ವಿಶ್ವಕರ್ಮನ ಹಬ್ಬದ ದಿನ. ಒಂದು ಹಾರ, ಒಂದಿಷ್ಟು ಬೂಂದಿ, ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಅದು ಸಾಲದು. ನಮಗೆ ಮಹಾನವಮಿಯ ಆಯುಧಪೂಜೆಯೇ ಆಗಬೇಕು. ಮಠದ ಉಗ್ರಾಣದ ತಕ್ಕಡಿಗೂ ತೂಕದ ಕಲ್ಲಿಗೂ ಅಪ್ಪ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದುದನ್ನು ಕಂಡು ಬೆಳೆದವನು ನಾನು. ಆ ನವಮಿಯ ದಿನ ಸ್ಟುಡಿಯೊಗೆ ರಜೆ. ಒಬ್ಬನೇ ಹೋಗಿ ಬಾಗಿಲು ತೆಗೆದೆ. ಟೇಪಿನ ಯಂತ್ರಕ್ಕೆ ಹೂವು ಏರಿಸಿದೆ, ಧೂಪ ಹಾಕಿದೆ. ಆಮೇಲೆ ಭಕ್ತಿ ಉಕ್ಕಿ ಬಂತು. ಗಂಗೆಯ ನೀರಲ್ಲಿ ವಿಭೂತಿ ಕಲಸಿ ಮೈಕಿನ ಜಾಲರಿಯ ಮೇಲೆ ದಪ್ಪಗೆ ಮೂರು ಪಟ್ಟೆ ಎಳೆದೆ. ಉಳಿದ ನೀರನ್ನು ಮಾವಿನೆಲೆಯಲ್ಲಿ ಪ್ರೋಕ್ಷಣೆ ಮಾಡಿದೆ. ಕೈಮುಗಿದು ಮನೆಗೆ ಬಂದು ಹೋಳಿಗೆ ಉಂಡೆ.

ರಜೆ ಮುಗಿದು ಮೊದಲ ಗಾಯಕರು ಬಂದು ಆಲಾಪ ಎತ್ತಿದರೆ ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಸದ್ದು. ಮಿಶ್ರಾಜಿ ಜಾಲರಿ ಬಿಚ್ಚಿದರು. ಒಳಗೆಲ್ಲ ಬಿಳಿ ಪುಡಿ ಕಚ್ಚಿಕೊಂಡು ಒಣಗಿತ್ತು. ಯಾರು ಮಾಡಿದ್ದು ಎಂದು ಅವರು ಕೇಳಲೂ ಇಲ್ಲ, ನನ್ನ ಹಣೆಯಲ್ಲೂ ಅದೇ ಮೂರು ಪಟ್ಟೆ ಇತ್ತಲ್ಲ. ಮೊದಲ ಬಾರಿ ಅವರು ಪಾನ್ ಉಗುಳಿ ಬಂದು ಮುಖ ಕೆಳಗಿಟ್ಟು ಮಾತಾಡಿದರು. “ಮದ್ರಾಸಿ, ಕಾಶಿಗೆ ಬಂದವರಿಗೆಲ್ಲ ಮುಕ್ತಿ ಸಿಗುತ್ತೆ ಅಂತಾರೆ. ನೀನು ಜರ್ಮನಿಯವನಿಗೂ ಕೊಡಿಸಿದೆ ನೋಡು.” ಎಲ್ಲರೂ ನಕ್ಕರು. ನನಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನಿಸಿತು. ಹೊಸಬರಿಗೆ ಒಂದೇ ಮಾತು: ಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಮೈಕನ್ನು ಡಬ್ಬಿಯೊಳಗಿಟ್ಟು ಡಬ್ಬಿಗೆ ಕುಂಕುಮ ಹಚ್ಚಿ.

ಮೈಕು ರಿಪೇರಿಗೆ ಮುಂಬಯಿಗೆ ಹೋಯಿತು, ತಿಂಗಳುಗಟ್ಟಲೆ ಬರಲಿಲ್ಲ. ಮದುವೆಯ ಕಾಲ ಹತ್ತಿರವಾಗುತ್ತಿತ್ತು, ಮಾಲೀಕರಿಗೆ ಮದುವೆ ಹಾಡಿನ ಕ್ಯಾಸೆಟ್ಟು ಬೇಕಾಗಿತ್ತು. ಗೋದಾಮಿನಲ್ಲಿದ್ದದ್ದು ಸಭೆಗಳಲ್ಲಿ ಕೈಯಲ್ಲಿ ಹಿಡಿದು ಭಾಷಣ ಮಾಡುವಂಥ ಡೈನಾಮಿಕ್ ಮೈಕು ಒಂದೇ. ಕೆಳಗೆ ಬಿದ್ದು ಜಾಲರಿ ನೆಗ್ಗಿಹೋಗಿತ್ತು. ಇದರಲ್ಲಿ ರೆಕಾರ್ಡಿಂಗ್ ಮಾಡುವುದೆಂದರೆ ಸೌಟಿನಲ್ಲಿ ಗುಂಡಿ ತೋಡಿದಂತೆ ಎಂದು ಮಿಶ್ರಾಜಿ ಎದ್ದು ಹೋದರು. “ಕೊಂದವನೇ ತಿಥಿ ಮಾಡಲಿ,” ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಹಾಡಲು ಬಂದವಳು ಫೂಲಮತಿ ಎಂಬ ಹಳ್ಳಿಯ ಹೆಂಗಸು. ಜರ್ಮನ್ ಮೈಕಿನ ಮುಂದೆ ಇವಳನ್ನು ಮೊದಲೊಮ್ಮೆ ನಿಲ್ಲಿಸಿದ್ದರು. ಅಲುಗಬೇಡ, ಕೆಮ್ಮಬೇಡ, ಬಳೆ ತೆಗೆ ಎಂದು ಹೇಳಿಹೇಳಿ ಅವಳ ದನಿಯನ್ನೇ ಹೊಟ್ಟೆಗೆ ಇಳಿಸಿಬಿಟ್ಟಿದ್ದರು. ನನಗೆ ಆ ಶಿಷ್ಟಾಚಾರ ಮಾಡಲು ಮೈಕೇ ಇರಲಿಲ್ಲವಲ್ಲ. ನೆಗ್ಗಿದ್ದನ್ನು ಅವಳ ಕೈಗೇ ಕೊಟ್ಟೆ. ಬಾಯಿಗೂ ಮೈಕಿಗೂ ನಾಲ್ಕು ಬೆರಳು ಬಿಡು, ಆಮೇಲೆ ನಿನ್ನ ಅಂಗಳದಲ್ಲಿ ಹಾಡಿದಂತೆ ಹಾಡು ಎಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಹಾಕಿಕೊಂಡೇ, ಬೀಗರನ್ನು ಬೈಯುವ ಹಾಡು ಎತ್ತಿಕೊಂಡಳು. ಗಾಜಿನ ಈಚೆ ಕೂತ ನನಗೆ ರೋಮಾಂಚನವಾಯಿತು. ಹಿಟ್ಟಿನ ಗಿರಣಿ ಇಲ್ಲ, ಬೀದಿ ಇಲ್ಲ, ಕೋಣೆಯೂ ಇಲ್ಲ, ಆ ಹೆಂಗಸು ಮಾತ್ರ ಇದ್ದಳು. ಡೈನಾಮಿಕ್ ಮೈಕಿಗೆ ದೂರದ್ದು ಕೇಳಿಸದು. ಅದರ ಕಿವಿ ಮೊಂಡು, ಹತ್ತಿರ ಬಂದವರ ಮಾತನ್ನಷ್ಟೇ ಕೇಳುತ್ತದೆ. ಅದನ್ನು ದೋಷ ಎಂದು ಎಲ್ಲರೂ ಹೇಳುತ್ತಿದ್ದರು. ಗದ್ದಲದ ಊರಿನಲ್ಲಿ ಅದೇ ಗುಣ ಎಂದು ಆ ದಿನ ನನಗೆ ಗೊತ್ತಾಯಿತು.

ಕ್ಯಾಸೆಟ್ಟು ಊರಿನ ಪಾನ್ ಅಂಗಡಿಗಳಲ್ಲೆಲ್ಲ ಕೂಗಿತು. ಮಾಲೀಕರು ಕರೆದು, ಇಷ್ಟು ಚೆನ್ನಾಗಿ ಯಾವುದರಲ್ಲಿ ಹಿಡಿದಿರಿ ಎಂದರು. ಮಿಶ್ರಾಜಿ ಮುಖ ಮೇಲೆತ್ತಿ, “ಜರ್ಮನ್ ಮೈಕಿನಲ್ಲಿ ಸಾಬ್, ಇನ್ಯಾವುದರಲ್ಲಿ,” ಅಂದರು. ಪಕ್ಕದಲ್ಲಿ ನಿಂತಿದ್ದ ನಾನು ಸುಮ್ಮನಿದ್ದೆ. ಜರ್ಮನ್ ಮೈಕು ಆಗ ಮುಂಬಯಿಯಲ್ಲಿತ್ತು, ಮಾಲೀಕರಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಆಮೇಲೆ ಬಂದ ಗಿರಾಕಿಗಳಿಗೆ ನಾನೂ ಅದೇ ಸುಳ್ಳು ಹೇಳಿದೆ, ವರ್ಷಗಟ್ಟಲೆ ಹೇಳಿದೆ. ಮೈಕು ಕೊಂದದ್ದಕ್ಕೆ ನಾಚಿಕೆಪಟ್ಟದ್ದು ನಾಲ್ಕು ದಿನ. ಈ ಸುಳ್ಳಿಗೆ ಈಗಲೂ ಹಲ್ಲು ಕಡಿಯುತ್ತೇನೆ.

ಆಮೇಲೆ ಟೇಪು ಹೋಯಿತು, ಕಂಪ್ಯೂಟರು ಬಂತು. ಬ್ಲೇಡಿನಲ್ಲಿ ಟೇಪು ಕತ್ತರಿಸಿ ಅಂಟಿಸುತ್ತಿದ್ದ ನನ್ನ ಬೆರಳುಗಳಿಗೆ ಇಲಿಯ ಬಾಲ ಹಿಡಿಯುವುದನ್ನು ಕಲಿಸಿದರು. ಹಾಡುವವನ ಶ್ರುತಿಯನ್ನೇ ಯಂತ್ರ ತಿದ್ದುತ್ತದೆ ಎಂದಾಗ ಹಾಡುವವರು ಶ್ರುತಿ ಹಿಡಿಯುವುದನ್ನೇ ಬಿಟ್ಟರು. ಕಡೆಗೆ ಸ್ಟುಡಿಯೊ ಮುಚ್ಚಿ ಅಲ್ಲಿ ಕೋಚಿಂಗ್ ಕ್ಲಾಸು ಬಂತು. ನಾನು ನಿವೃತ್ತನಾಗುವ ಹೊತ್ತಿಗೆ ಕಿವಿಯೂ ಅರ್ಧ ನಿವೃತ್ತವಾಗಿತ್ತು. ಸಣ್ಣ, ಎತ್ತರದ ಸದ್ದುಗಳು ಕೇಳಿಸುವುದಿಲ್ಲ. ಕಿವಿ ಹೋದ ರೆಕಾರ್ಡಿಸ್ಟನ ಮಾತು ಯಾಕೆ ಕೇಳಬೇಕು ಎಂದು ಒಬ್ಬ ನನ್ನ ಮುಖಕ್ಕೇ ಹೇಳಿದ. ಕಿವಿ ಹೋಗಿದೆಯಪ್ಪಾ, ಬುದ್ಧಿ ಹೋಗಿಲ್ಲ ಎಂದೆ. ಆ ಜಂಭವೂ ಹೇಗೆ ಇಳಿಯಿತು ಎಂಬುದನ್ನು ಮುಂದೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ಗಿರಿಜಾ ನನ್ನಲ್ಲಿಗೆ ಬಂದದ್ದು ಹೋದ ಚಳಿಗಾಲದಲ್ಲಿ. ಧಾರವಾಡದ ಹುಡುಗಿ, ಮದುವೆಯಾಗಿ ಈ ಊರಿಗೆ ಬಂದು ಹದಿನಾರು ವರ್ಷ. ಮಣಿಕರ್ಣಿಕೆಗೆ ಇಳಿಯುವ ಗಲ್ಲಿಯಲ್ಲಿ ಅವಳ ಗಂಡನ ಅಣ್ಣ, ಅವಳು ಭಾವ ಎನ್ನುವ ಪುರೋಹಿತರು, ಮನೆ ಮಾಡಿಕೊಂಡಿದ್ದಾರೆ. ಕರ್ನಾಟಕದಿಂದ ಅಪರಕರ್ಮಕ್ಕೆಂದು ಬರುವ ಕುಟುಂಬಗಳು ಅಲ್ಲೇ ಇಳಿದುಕೊಳ್ಳುತ್ತವೆ. ಇವರ ಸಂಸಾರವೂ ಅಲ್ಲೇ, ಗಂಡ ಘಾಟಿನಲ್ಲಿ ಅಣ್ಣನಿಗೆ ಸಹಾಯಕ. ಮನೆಯ ಅಡುಗೆ, ಶ್ರಾದ್ಧದ ಅಡುಗೆ, ಪಿಂಡದ ಅನ್ನ, ಎಲ್ಲ ಇವಳದೇ. ಹದಿನಾರು ವರ್ಷದಲ್ಲಿ ನನ್ನದು ಅಂತ ಒಂದು ಕೆಲಸ ಇಲ್ಲ ಕಾಕಾ ಎಂದಳು. ಅವಳ ಓದಿನ ದನಿ ಮಾತ್ರ ಚಿನ್ನದಂಥದು. ಬೆಂಗಳೂರಿನ ಒಂದು ಕಂಪನಿ ಕನ್ನಡ ಪುಸ್ತಕಗಳನ್ನು ಓದಿಸಿ ಕೇಳುವವರಿಗೆ ಕೊಡುತ್ತದಂತೆ, ಮನೆಯಿಂದಲೇ ಓದಿ ಕಳಿಸಬಹುದಂತೆ. ಮಾದರಿ ಕಳಿಸಲು ಮೂರು ಅವಕಾಶ. ಎರಡು ಮುಗಿದಿದ್ದವು.

“ಮೊದಲನೇದು ಫೋನಿನಾಗ ಮಾಡಿದ್ದೆ, ಡಬ್ಬಿಯೊಳಗ ಕೂತು ಓದಿದಂಗ ಅದ ಅಂದ್ರು. ಎರಡನೇದನ್ನ ನೀವ ಕೇಳ್ರಿ,” ಎಂದು ಫೋನು ಹಿಡಿದಳು. ಭಾವನ ಮಗನ ಹತ್ತಿರ ಬಣ್ಣಬಣ್ಣದ ದೀಪ ಹತ್ತುವ ಒಂದು ಕಂಡೆನ್ಸರ್ ಮೈಕು ಇತ್ತು, ಅದರಲ್ಲಿ ಓದಿದ್ದು. ಅಳಿಲು ಮತ್ತು ಆಮೆಯ ಮಕ್ಕಳ ಕಥೆ. ಅಳಿಲು ಆಮೆಯನ್ನು ಹುಟ್ಟುಹಬ್ಬದ ಊಟಕ್ಕೆ ಕರೆಯುತ್ತದೆ. ಅದರ ಹಿಂದೆಯೇ, ಗಲ್ಲಿಯ ತುದಿಯಿಂದ, ಸ್ಪಷ್ಟವಾಗಿ: ರಾಮ ನಾಮ ಸತ್ಯ ಹೈ.

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಅಳು ಬಂತು. ಆಗ ನಗು ನಿಲ್ಲಿಸಿದೆ. ಹಿನ್ನೆಲೆಯಲ್ಲಿ ಪಠಣದ ಸದ್ದಿದೆ, ನಿಶ್ಶಬ್ದ ಸ್ಥಳದಲ್ಲಿ ಓದಿ ಎಂದು ಕಂಪನಿ ಬರೆದಿತ್ತಂತೆ. ನಿಶ್ಶಬ್ದ ಸ್ಥಳ! ಆ ಗಲ್ಲಿಯಲ್ಲಿ ಹೆಣ ಹೊತ್ತವರು ಹಗಲೂ ರಾತ್ರಿ ಇಳಿಯುತ್ತಾರೆ, ಗಂಟೆ ಬಾರಿಸುತ್ತದೆ, ತಗಡಿನ ಮೇಲೆ ಕೋತಿ ಕುಣಿಯುತ್ತದೆ. “ಇದೊಂದು ಹೋದ್ರ ಮುಗೀತು. ಮತ್ತ ಬಾಯಿ ತೆರಿಯೂದಿಲ್ಲ, ಒಲಿ ಮುಂದ ಕೂತುಬಿಡ್ತೀನಿ,” ಎಂದಳು ಗಿರಿಜಾ. ಅವಳು ಕೂಡಿಟ್ಟದ್ದು ಎಂಟು ಸಾವಿರ. ಕಡೆಯ ಮಾದರಿ ಕಳಿಸಲು ಹದಿನೈದು ದಿನ ಉಳಿದಿತ್ತು. ಮೌನ ಇದ್ದವರಷ್ಟೇ ಪುಸ್ತಕ ಓದಬೇಕೆಂದರೆ ಬಡವರ ಓಣಿಯಲ್ಲಿ ಹುಟ್ಟಿದವರೆಲ್ಲ ಬಾಯಿ ಹೊಲಿದುಕೊಳ್ಳಬೇಕೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಮೌನಕ್ಕೆ ಕಾಯಬೇಡ, ಮೊಂಡು ಕಿವಿಯ ಮೈಕು ತರೋಣ ಎಂದೆ.

ಚೌಕದ ಕಡೆ ಲೌಡ್‌ಸ್ಪೀಕರ್ ಅಂಗಡಿ ಇಟ್ಟ ಹಳೆಯ ಪರಿಚಯದವನಿದ್ದಾನೆ. ಬೆಳ್ಳಿ ಬಣ್ಣದ ದೊಡ್ಡ ಕಂಡೆನ್ಸರ್ ಒಂದನ್ನು ಮುಂದಿಟ್ಟು, “ಇದು ತಗೊಳ್ಳಿ ಬಾಬೂಜಿ, ಯೂಟ್ಯೂಬಿನವರೆಲ್ಲ ಇದನ್ನೇ ಒಯ್ಯೋದು,” ಅಂದ. ಯೂಟ್ಯೂಬಿನವರ ಮನೆ ಮುಂದೆ ಹೆಣ ಹೋಗುತ್ತದೆಯೇ ಎಂದು ಕೇಳಿದೆ. ಅವನು ಕೆಳಗಿನ ಕಪಾಟಿನಿಂದ ಡೈನಾಮಿಕ್ ಮೈಕು ತೆಗೆದ. ಕಥೆ ಹೇಳುವ ಬಾಬಾಗಳು ಒಯ್ಯುವಂಥದು. ಎಂಟು ಸಾವಿರದ ಕಾಲುಭಾಗವೂ ಆಗಲಿಲ್ಲ.

ಇನ್ನು ಪ್ರೀ-ಆಂಪು. ಮೈಕಿನಿಂದ ಬರುವ ಸಣ್ಣ ದನಿಯನ್ನು ಎತ್ತಿ ಕಂಪ್ಯೂಟರಿಗೋ ಫೋನಿಗೋ ದಾಟಿಸುವ ಡಬ್ಬಿ ಅದು. ಅಲ್ಲಿ ನಾನು ತಪ್ಪಿದೆ. ಮೈಕು ಒಳ್ಳೆಯದಿದ್ದರೆ ಡಬ್ಬಿ ಯಾವುದಾದರೇನು, ಅವಳ ದುಡ್ಡು ಉಳಿಯಲಿ ಎಂದು ಅತಿ ಅಗ್ಗದ್ದನ್ನೇ ಎತ್ತಿಕೊಂಡೆ. ನಮ್ಮ ಮನೆಗೆ ತಂದು ಜೋಡಿಸಿ, ಗಿರಿಜಾಳಿಂದ ಒಂದು ಪುಟ ಓದಿಸಿ, ಹೆಡ್‌ಫೋನು ಹಾಕಿಕೊಂಡು ಕೇಳಿದೆ. ಪನ್ನೀರಿನಷ್ಟು ಶುದ್ಧ! ಈಗ ಕಳಿಸು ನೋಡೋಣ, ಯಾವ ಗಂಡಸು ತಿರಸ್ಕರಿಸುತ್ತಾನೋ ಎಂದು ತೊಡೆ ತಟ್ಟಿದೆ. ಅವಳು ಹೆಡ್‌ಫೋನು ತೆಗೆದುಕೊಂಡು ಕೇಳಿದಳು, ಇನ್ನೊಮ್ಮೆ ಕೇಳಿದಳು.

“ಕಾಕಾ, ಓದೋದರ ಹಿಂದ ಒಂದು ಸದ್ದು ಅದರಿ. ಸಣ್ಣ ಉರಿ ಮ್ಯಾಲೆ ಹಾಲು ಕಾಯ್ತದಲ್ಲ, ಹಂಗ. ಸುಂಯ್ ಅಂತ.”

“ಏನೂ ಇಲ್ಲ ಅವ್ವಾ. ನಾ ಕೇಳೀನಲ್ಲ.”

“ಅದರಿ.”

“ಮೂವತ್ತಾರು ವರ್ಷ ಇದನ್ನ ಮಾಡೀನಿ ನಾನು. ನಿನಗ ಒಲಿ ಮುಂದ ಕೂತೂ ಕೂತೂ ಎಲ್ಲಾ ಕಡೆ ಹಾಲಿಂದ ಸದ್ದು ಕೇಳಸ್ತದ!”

ಗಿರಿಜಾ ಹೆಡ್‌ಫೋನನ್ನು ನನ್ನ ಹೆಂಡತಿಯ ಕೈಗೆ ಕೊಟ್ಟಳು. ಅವಳು ಹಾಕಿಕೊಂಡ ಕೂಡಲೇ, “ಹೌದಲ್ಲ, ಸುಂಯ್ ಅಂತದ,” ಎಂದಳು. ನನ್ನ ಕಿವಿಗೆ ಬೀಳದ ಸದ್ದು ಇಡೀ ಮನೆಗೆ ಕೇಳಿಸುತ್ತಿತ್ತು. ಮೊಂಡು ಕಿವಿಯ ಮೈಕಿಗೆ ಪ್ರೀ-ಆಂಪನ್ನು ಬಹಳ ಎತ್ತಬೇಕು, ಅಗ್ಗದ ಡಬ್ಬಿಯನ್ನು ಪೂರ್ತಿ ಎತ್ತಿದರೆ ಅದರದೇ ಉಸಿರಾಟ ದನಿಯ ಜೊತೆ ಬರುತ್ತದೆ. ಈ ಪಾಠವನ್ನು ನಾನೇ ಎಷ್ಟೋ ಹುಡುಗರಿಗೆ ಹೇಳಿಕೊಟ್ಟವನು. ಆ ಮಾದರಿ ಹೋಗಿದ್ದರೆ ಅವಳ ಕಡೆಯ ಅವಕಾಶವನ್ನು ನನ್ನ ಜಂಭ ತಿಂದು ಹಾಕುತ್ತಿತ್ತು. ಅವಳ ಮುಂದೆ ತಪ್ಪಾಯಿತು ಎಂದೆ.

ಮರುದಿನ ಡಬ್ಬಿ ಹಿಂದಿರುಗಿಸಿ, ಉಳಿದ ದುಡ್ಡನ್ನೆಲ್ಲ ಹಾಕಿ, ಸ್ವಲ್ಪ ಬಳಸಿದ ಆದರೆ ಒಳ್ಳೆಯ ಪ್ರೀ-ಆಂಪು ತಂದೆವು. ಈ ಬಾರಿ ಅಂಗಡಿಯಲ್ಲಿ ಹೆಡ್‌ಫೋನು ಅವಳ ಕಿವಿಯಲ್ಲಿತ್ತು, ನಾನು ಗುಂಡಿ ತಿರುಗಿಸಿದೆ ಅಷ್ಟೆ. ಕೈ ಬಿಗಿಯಿದ್ದವರಿಗೆ ನಾನು ಈಗ ಹೇಳುವುದು ಇದನ್ನೇ. ಗದ್ದಲದ ಮನೆಯಾದರೆ ಅಗ್ಗದ ಡೈನಾಮಿಕ್ ಮೈಕು ಸಾಕು, ದುಡ್ಡಿನ ದೊಡ್ಡ ಪಾಲು ಪ್ರೀ-ಆಂಪಿಗೆ ಹೋಗಲಿ. ಗುಂಡಿಯನ್ನು ಮುಕ್ಕಾಲು ತಿರುಗಿಸಿ, ಏನೂ ಮಾತಾಡದೆ ಅರ್ಧ ನಿಮಿಷ ಹಿಡಿದು, ಎಳೆಯ ಕಿವಿಯವರಿಗೆ ಕೇಳಿಸಿ. ಬೇಕಾದರೆ ನಿಮ್ಮ ಹೆಂಡತಿಗೆ ಕೇಳಿಸಿ, ಆದರೆ ಅವಳ ಮಾತನ್ನು ನಂಬಿ.

ಉಳಿದದ್ದು ಕೋಣೆ. ಗಿರಿಜಾಳ ಅಡುಗೆಮನೆ, ಪಡಸಾಲೆ, ಎಲ್ಲ ಕಡೆ ಕಲ್ಲಿನ ಗೋಡೆ. ದನಿ ಬಾವಿಯೊಳಗಿಂದ ಬಂದಂತೆ ತಿರುಗಿ ಬರುತ್ತಿತ್ತು. ಅಟ್ಟದ ಪಕ್ಕದಲ್ಲಿ ಯಾತ್ರಿಕರ ಹಾಸಿಗೆ ಇಡುವ ಕೋಣೆ ಇತ್ತು. ನಲವತ್ತು ಗಾದಿ, ಅಷ್ಟೇ ರಜಾಯಿ, ತಲೆದಿಂಬಿನ ಗುಡ್ಡ. ಒಳಗೆ ಕಾಲಿಟ್ಟು ಒಮ್ಮೆ ಕೆಮ್ಮಿದೆ, ಕೆಮ್ಮು ಅಲ್ಲೇ ಸತ್ತಿತು. ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ಸ್ಟುಡಿಯೊದಲ್ಲೂ ಅಂಥ ಕೋಣೆಯನ್ನು ನಾನು ಕಂಡಿರಲಿಲ್ಲ. ಕೀಲಿಕೈ ಮಾತ್ರ ಭಾವನವರ ಜನಿವಾರದಲ್ಲಿತ್ತು.

ಭಾವನವರದು ಘಾಟಿನ ಗಂಟಲು. ಹತ್ತು ಕುಟುಂಬಗಳ ಗಲಾಟೆಯಲ್ಲಿ ಕರ್ಮ ಮಾಡಿಸುವ ಯಜಮಾನನಿಂದ ಗೋತ್ರ ಹೇಳಿಸಬೇಕಾದವರು ಮೆಲ್ಲಗೆ ಮಾತಾಡುವುದನ್ನು ಮರೆತಿರುತ್ತಾರೆ. “ಸತ್ತವರಿಗೆ ನೀರು ಬಿಡೋ ಮನಿಯೊಳಗ ಇದೇನು ನಾಟಕ? ಹೆಣ್ಮಕ್ಕಳು ಕೋಣಿ ಬಾಗಿಲಾ ಹಾಕ್ಕೊಂಡು ಅಳಿಲು ಆಮಿ ಅಂತ ಓದೂದು? ಬಂದ ಜನ ಏನಂದಾರು?” ಎಂದು ಗುಡುಗಿದರು. ನಾನು ಏನೋ ಹೇಳಲು ಬಾಯಿ ತೆಗೆದೆ. ಗಿರಿಜಾ ನನ್ನನ್ನು ತಡೆದಳು. ಕೈಯಲ್ಲಿ ಸೌಟು ಇತ್ತು, ದನಿ ಮಾತ್ರ ಏರಲಿಲ್ಲ.

“ಭಾವಾ, ಹದಿನಾರು ವರ್ಷದಾಗ ಒಂದು ದಿನಾನೂ ನಾ ಏನೂ ಕೇಳಿಲ್ಲ. ಊಟ ಮುಗದ ಮ್ಯಾಲೆ ಎರಡರಿಂದ ನಾಲ್ಕರ ತನಕ ನನ್ನದು. ಕೀಲಿಕೈ ಕೊಡ್ರಿ. ಇಲ್ಲಂದ್ರ ನಾಳಿನ ಪಿಂಡದ ಅನ್ನ ನೀವ ಮಾಡ್ಕೋರಿ.”

ಮರುದಿನ ಮೂರು ಕುಟುಂಬಗಳ ಕರ್ಮವಿತ್ತು. ಅವರು ನನ್ನ ಕಡೆ ನೋಡಿದರು, ತಮ್ಮನ ಕಡೆ ನೋಡಿದರು. ಗಿರಿಜಾಳ ಗಂಡ ಗೋಡೆಯ ಮೇಲಿನ ಪಂಚಾಂಗ ಓದತೊಡಗಿದ. ಕೀಲಿಕೈ ನೆಲಕ್ಕೆ ಬಿತ್ತು. ಕೈಗೆ ಕೊಡದೆ ಎಸೆದರು ಎಂಬ ಸಿಟ್ಟು ನನಗಿತ್ತು, ಅವಳು ಬಗ್ಗಿ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

ಆರು ದಿನ ಅಭ್ಯಾಸ ಮಾಡಿಸಿದೆ, ನಡುನಡುವೆ ಫೂಲಮತಿಯ ಕ್ಯಾಸೆಟ್ಟಿನ ಕಥೆಯನ್ನೂ ಹೇಳಿದೆ. ಮೈಕಿನಿಂದ ನಾಲ್ಕು ಬೆರಳು ದೂರ, ನೇರವಾಗಿ ಊದದೆ ಬಾಯಿಯ ಪಕ್ಕಕ್ಕೆ ಸ್ವಲ್ಪ ಓರೆಯಾಗಿ ಮೈಕು. ಇಲ್ಲದಿದ್ದರೆ ‘ಪ’, ‘ಭ’ ಬಂದಾಗಲೆಲ್ಲ ಪಟಾಕಿ ಹಾರುತ್ತದೆ. ನಡುವೆ ಒಂದು ಪರದೆ ಬೇಕು, ಅದನ್ನು ಕೊಳ್ಳಬೇಡಿ. ಕಸೂತಿಯ ಬಳೆಗೆ ತೆಳು ಮಲ್ಮಲ್ ಬಟ್ಟೆ ಬಿಗಿದರೆ ಸಾಕು. ಅವಳಿಗೆ ಮೊದಲು ಕಷ್ಟವಾದದ್ದು ಬೇರೆಯೇ. ಭಾವನ ಮನೆಯಲ್ಲಿ ಮಾತು ಕೇಳಿಸಬೇಕಾದರೆ ಕೂಗಬೇಕು, ಹಾಗಾಗಿ ಮೈಕಿಗೂ ಕೂಗುತ್ತಿದ್ದಳು. ಎದುರಿಗೆ ಒಬ್ಬರೇ ಕೂತಿದ್ದಾರೆ, ನಿನ್ನ ಮಾತು ಕೇಳಲಿಕ್ಕೇ ಬಂದಿದ್ದಾರೆ ಎಂದುಕೋ ಎಂದೆ. “ಅಂಥವರು ಯಾರೂ ನನಗ ಸಿಕ್ಕಿಲ್ಲ ಕಾಕಾ,” ಎಂದಳು. ಆ ಬಳಿಕ ನಾನೇ ಗಾದಿಗಳ ನಡುವೆ ಅವಳ ಎದುರು ಕೂತೆ.

ಕಡೆಯ ಮಾದರಿಯನ್ನು ಮಧ್ಯಾಹ್ನ ಎರಡೂವರೆಗೆ ಓದಿದಳು. ಅಳಿಲು ಆಮೆಯನ್ನು ಊಟಕ್ಕೆ ಕರೆಯುವಾಗ ಕೆಳಗೆ ಗಲ್ಲಿಯಲ್ಲಿ ಹೆಣ ಹೊತ್ತವರು ಹೋದರು. ಅವಳು ನಿಲ್ಲಿಸಲಿಲ್ಲ. ಆಮೇಲೆ ಅವಳೂ ಗಂಡನೂ ಸರದಿಯಲ್ಲಿ ಹೆಡ್‌ಫೋನು ಹಾಕಿ ಕೇಳಿದರು. ಕಥೆ ಇತ್ತು, ಕಾಶಿ ಇರಲಿಲ್ಲ.

ನಾಲ್ಕನೇ ದಿನ ಉತ್ತರ ಬಂತು. ದನಿ ಒಪ್ಪಿಗೆಯಾಗಿದೆ, ನಮೂನೆ ತುಂಬಿ ಕಳಿಸಿ. ನಮೂನೆಯಲ್ಲಿ ‘ಬಳಸಿದ ಮೈಕು’ ಎಂದು ಐದು ಹೆಸರು, ಐದೂ ದುಬಾರಿ ಕಂಡೆನ್ಸರ್‌ಗಳು. ಇವುಗಳಲ್ಲಿ ಒಂದು ಇರುವುದು ಕಡ್ಡಾಯ ಎಂದು ಕೆಳಗೆ ಬರೆದಿತ್ತು. ಅದರ ಕೆಳಗೆ ‘ವಿಶೇಷ ಟಿಪ್ಪಣಿ’ ಎಂಬ ಖಾಲಿ ಜಾಗ.

“ಎರಡನೇದಕ್ಕ ಗುರುತು ಹಾಕಿಬಿಡು. ಯಾರು ಬಂದು ನೋಡ್ತಾರ?” ಎಂದೆ ನಾನು. ಯಾರಿಗೂ ಹೆದರದವನು ಎಂದು ಇಷ್ಟು ಹೊತ್ತು ಮೀಸೆ ತಿರುವಿದವನು.

ಗಿರಿಜಾ ನನ್ನನ್ನು ನೋಡಿದಳು. “ಮಿಶ್ರಾಜಿ ಸುಳ್ಳು ಹೇಳಿದಾಗ ಸುಮ್ಮನಿದ್ದೆ ಅಂತ ನೀವ ಹೇಳಿದ್ರಿ. ಅದಕ್ಕ ಇವತ್ತಿಗೂ ಹಲ್ಲು ಕಡೀತೀನಿ ಅಂದ್ರಿ. ನಾನೂ ನಿಮ್ಮ ವಯಸ್ಸಿಗೆ ಹಲ್ಲು ಕಡಕೋತ ಕೂಡಬೇಕೇನು ಕಾಕಾ?”

ಅವಳು ಐದರಲ್ಲಿ ಒಂದಕ್ಕೂ ಗುರುತು ಹಾಕದೆ ಖಾಲಿ ಜಾಗದಲ್ಲಿ ಬರೆದಳು: ‘ಸಭೆಗಳಲ್ಲಿ ಬಳಸುವ ಡೈನಾಮಿಕ್ ಮೈಕು. ಹಾಸಿಗೆ ಇಡುವ ಕೋಣೆ. ನೀವು ಒಪ್ಪಿದ ದನಿ ಇದರಲ್ಲೇ ಓದಿದ್ದು. ಬೇರೆ ಮೈಕು ಕೊಳ್ಳುವ ಶಕ್ತಿಯೂ ಇಲ್ಲ, ಅಗತ್ಯವೂ ಇಲ್ಲ.’ ಕಳಿಸಿಯೂ ಬಿಟ್ಟಳು. ಮುಗಿಯಿತು ಎಂದುಕೊಂಡೆ. ಒಂಬತ್ತು ದಿನ ಉತ್ತರವಿಲ್ಲ. ಆ ಒಂಬತ್ತೂ ದಿನ ಅವಳು ಎರಡಕ್ಕೆ ಸರಿಯಾಗಿ ಹಾಸಿಗೆ ಕೋಣೆಗೆ ಹೋಗಿ ಒಬ್ಬಳೇ ಓದುತ್ತಿದ್ದಳು. ನನಗೇ ಅಲ್ಲಿಗೆ ಹೋಗಲು ಮುಖವಿರಲಿಲ್ಲ.

ಹತ್ತನೇ ದಿನ ಹದಿನಾಲ್ಕು ಅಧ್ಯಾಯದ ಪುಸ್ತಕ ಬಂತು. ಜೊತೆಗೆ ಅಲ್ಲಿನ ಧ್ವನಿಮುದ್ರಕರ ಒಂದು ಸಾಲು: ಪಟ್ಟಿಯನ್ನು ನಾವು ನೋಡಿಕೊಳ್ಳುತ್ತೇವೆ, ಹದಿನಾಲ್ಕೂ ಅಧ್ಯಾಯಕ್ಕೆ ಇದೇ ಮೈಕು, ಇದೇ ಕೋಣೆ ಇರಲಿ.

ಮೊದಲ ಅಧ್ಯಾಯ ಶುರುವಾದ ದಿನ ನಾನು ಎದುರಿಗೆ ಕೂತಿದ್ದೆ. ಒಂದು ಪುಟವೂ ಮುಗಿದಿರಲಿಲ್ಲ, ಬಾಗಿಲು ದಬದಬ ಬಡಿಯಿತು. “ಗಿರಿಜಾ! ಹುಬ್ಬಳ್ಳಿಯವರು ಬಂದಾರ, ಒಂಬತ್ತು ಮಂದಿ. ಚಹಾ ಆಗಬೇಕು!” ನಾನು ಏಳಹೋದೆ. ಅವಳು ಕೈ ಸನ್ನೆಯಲ್ಲಿ ಕೂರಿಸಿ, ಸಾಲು ಮುಗಿಸಿ, ಎದ್ದು ಹೋಗಿ ಬಾಗಿಲನ್ನು ಒಂದು ಗೇಣು ತೆರೆದಳು.

“ಪುಡಿ ಡಬ್ಬಿಯೊಳಗ ಅದ ಭಾವಾ, ಹಾಲು ಒಲಿ ಮ್ಯಾಲೆ ಅದ. ನನಗ ನಾಲ್ಕರ ತನಕ ಪುರಸೊತ್ತಿಲ್ಲ.”

ಬಾಗಿಲು ಹಾಕಿದಳು. ಹೊರಗೆ ಮೆಟ್ಟಿಲಿಳಿದ ಸದ್ದು, ಕೆಳಗೆ ಪಾತ್ರೆ ಬಿದ್ದ ಸದ್ದು. ಭಾವನವರು ಮಾಡಿದ ಚಹಾ ಕುಡಿದು ಹುಬ್ಬಳ್ಳಿಯವರು ಏನೆಂದರೋ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಗಿರಿಜಾ ಎರಡನೇ ಪುಟಕ್ಕೆ ಬಂದಿದ್ದಳು.